ಬಂಧನದ ಫೋಟೋ ಊರೆಲ್ಲ ಹರಿದಾಡಿದರೆ: ಓದುಗರ ಪ್ರಶ್ನೆ, ವಕೀಲರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮೂರು ಒಂದೇ ವಿಷಯದ್ದು. ಪೊಲೀಸರು ಯಾರನ್ನೋ ಹಿಡಿದರು, ಅವರ ಫೋಟೋ ಎಲ್ಲರ ಮೊಬೈಲಿಗೂ ಬಂತು. ಅದು ಸರಿಯೇ? ಬರೆದವರು ಡೊಂಬಿವಲಿ, ಪುಣೆ ಮತ್ತು ವಾಸ್ಕೊದ ಕನ್ನಡಿಗರು. ಮೂರು ಊರಿಗೂ ಬಾಂಬೆ ಹೈಕೋರ್ಟೇ ಹೈಕೋರ್ಟು. ಹಾಗಾಗಿ ಒಟ್ಟಿಗೇ ಉತ್ತರಿಸುತ್ತಿದ್ದೇನೆ. ಕಾರಣ ನಿಮಗೇ ಗೊತ್ತಿದೆ, ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನಮಸ್ಕಾರ ಸರ್. ನನ್ನ ತಂಗಿಯ ಮಗ ಥಾಣೆ ಕಡೆಯ ಒಂದು ಬಾರ್‌ನಲ್ಲಿ ಕ್ಯಾಶಿಯರ್ ಆಗಿದ್ದ. ಎರಡು ವರ್ಷದ ಹಿಂದೆ ಅಲ್ಲಿ ರೇಡ್ ಆಯಿತು. ಕೆಲಸದ ಹುಡುಗರನ್ನೆಲ್ಲ ಸಾಲಾಗಿ ನಿಲ್ಲಿಸಿ, ಹಿಂದೆ ಪೊಲೀಸರು ನಿಂತು ಫೋಟೋ ತೆಗೆದರು. ಒಂದು ಲೋಕಲ್ ಚಾನೆಲ್‌ನಲ್ಲಿ 'ದಂಧೆಯ ಗ್ಯಾಂಗ್' ಅಂತ ಬಂತು. ಊರಿನ ವಾಟ್ಸಾಪ್ ಗ್ರೂಪಿಗೂ ತಲುಪಿತು. ಈಗ ಕೋರ್ಟು ಅವನನ್ನು ಕೇಸಿನಿಂದ ಬಿಟ್ಟಿದೆ. ಆದರೆ ಅವನ ಹೆಸರು ಹುಡುಕಿದರೆ ಆ ಫೋಟೋನೇ ಮೊದಲು ಬರುತ್ತದೆ. ಎರಡು ಸಂಬಂಧ ತಪ್ಪಿ ಹೋದವು. ಏನು ಮಾಡೋಣ?

ಉತ್ತರ: ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಹಾಗೆ ಸಾಲಾಗಿ ನಿಲ್ಲಿಸಿ ಫೋಟೋ ಕೊಡಿ ಎಂದು ಯಾವ ಕಾನೂನೂ ಪೊಲೀಸರಿಗೆ ಹೇಳಿಲ್ಲ. ಬಂಧಿಸಿದವರನ್ನು ಮಾಧ್ಯಮದ ಮುಂದೆ ಪ್ರದರ್ಶಿಸಬೇಡಿ ಎಂದು ಕೇಂದ್ರ ಗೃಹ ಸಚಿವಾಲಯ 2010ರಲ್ಲೇ ಸೂಚನೆ ಕೊಟ್ಟಿದೆ. ಹದಿನೈದು ವರ್ಷ ದಾಟಿದರೂ ಅದೇ ಸಾಲು, ಅದೇ ಫೋಟೋ ಕಾಣುತ್ತಿದೆ. ನನಗೆ ಇದನ್ನು ನೋಡಿದಾಗಲೆಲ್ಲ ಸಿಟ್ಟು ಬರುತ್ತದೆ. ಸಾಲಿನಲ್ಲಿ ನಿಲ್ಲುವವರು ವೇಟರ್, ಕ್ಯಾಶಿಯರ್, ಡ್ರೈವರ್. ಮಾಲೀಕರ ಮುಖ ಅಲ್ಲಿ ಕಾಣುವುದು ಅಪರೂಪ.

ಪೊಲೀಸರು ತಮ್ಮ ದಾಖಲೆಗಾಗಿ ಫೋಟೋ ತೆಗೆಯುವುದು ಬೇರೆ ಮಾತು. ಅದಕ್ಕೆ 2022ರ ಅಪರಾಧ ಪ್ರಕ್ರಿಯೆ ಗುರುತಿಸುವಿಕೆ ಕಾಯ್ದೆಯಲ್ಲಿ ಅಧಿಕಾರವಿದೆ. ಬೆರಳಚ್ಚು, ಫೋಟೋ, ಕಣ್ಣಿನ ಪಾಪೆಯ ಗುರುತು ಎಲ್ಲವನ್ನೂ ತೆಗೆಯಬಹುದು. ಆ ದಾಖಲೆ 75 ವರ್ಷ ಇರುತ್ತದೆ. ಆದರೆ ಅದು ತನಿಖೆಗೆ ಇರುವ ದಾಖಲೆ, ಚಾನೆಲ್‌ಗೆ ಹಂಚುವುದಕ್ಕಲ್ಲ. ಅದೇ ಕಾಯ್ದೆಯಲ್ಲಿ ನಿಮಗೆ ಉಪಯೋಗವಾಗುವ ಮಾತೂ ಇದೆ. ಹಿಂದೆ ಯಾವ ಕೇಸಿನಲ್ಲೂ ಶಿಕ್ಷೆಯಾಗದವನನ್ನು ಕೋರ್ಟು ಬಿಟ್ಟರೆ, ಅಪೀಲು ಮುಂತಾದುದೆಲ್ಲ ಮುಗಿದ ಮೇಲೆ ಆ ದಾಖಲೆ ನಾಶ ಮಾಡಬೇಕು. ನಾಶ ಮಾಡುವುದು ಬೇಡವೆಂದರೆ ಕೋರ್ಟು ಅಥವಾ ಮ್ಯಾಜಿಸ್ಟ್ರೇಟರು ಕಾರಣ ಬರೆದು ಆದೇಶ ಕೊಡಬೇಕು. ಇದು ತಾನಾಗಿಯೇ ಆಗುತ್ತದೆ ಅಂತ ಕೂರಬೇಡಿ. ಈ ಕೆಲಸಕ್ಕೆಂದು ರಾಜ್ಯ ಸರ್ಕಾರ ನೇಮಿಸಿದ ನೋಡಲ್ ಅಧಿಕಾರಿಗೆ ಹುಡುಗನೇ ಅರ್ಜಿ ಕೊಡಬೇಕು.

ಅದಕ್ಕೂ, ಮುಂದಿನ ಎಲ್ಲದಕ್ಕೂ ಬೇಕಾಗುವ ಕಾಗದ ಒಂದೇ. ಕೋರ್ಟಿನ ಬಿಡುಗಡೆ ಆದೇಶದ ಸರ್ಟಿಫೈಡ್ ಕಾಪಿ. ಮೊಬೈಲಿನಲ್ಲಿರುವ ಫೋಟೋ ಸಾಲದು. ಕೋರ್ಟಿನ ನಕಲು ವಿಭಾಗದಲ್ಲಿ ಅರ್ಜಿ ಹಾಕಿ, ಮುದ್ರೆ ಇರುವ ಪ್ರತಿ ಎರಡು ಮೂರು ತೆಗೆದಿಟ್ಟುಕೊಳ್ಳಿ.

ನಂತರ ಚಾನೆಲ್‌ಗೆ ಬರೆಯಿರಿ. ಜಗಳದ ಭಾಷೆ ಬೇಡ. ಸುದ್ದಿಯ ಲಿಂಕ್, ದಿನಾಂಕ, ಕೋರ್ಟಿನ ಆದೇಶ ಮೂರನ್ನೂ ಕೊಟ್ಟು ಎರಡು ಬೇಡಿಕೆ ಇಡಿ: ಫೋಟೋ ತೆಗೆಯಿರಿ, ಸುದ್ದಿಯ ಮೇಲೆಯೇ ಬಿಡುಗಡೆಯಾದ ವಿಷಯ ಸೇರಿಸಿ. ಇಲ್ಲಿ ಬಾಂಬೆ ಹೈಕೋರ್ಟಿನ ಜನವರಿ 2021ರ ತೀರ್ಪನ್ನು ಹೆಸರಿಸಿ. ಸುಶಾಂತ್ ಸಿಂಗ್ ರಜಪೂತ್ ಸಾವಿನ ಪ್ರಸಾರದ ವಿರುದ್ಧ ನಿಲೇಶ್ ನವಲಾಖಾ ಮತ್ತಿತರರು ಹಾಕಿದ ಅರ್ಜಿಯ ತೀರ್ಪು ಅದು. ತನಿಖೆ ನಡೆಯುವಾಗ ಮಾಧ್ಯಮ ಮಾಡಬಾರದ ಕೆಲಸಗಳ ಪಟ್ಟಿಯನ್ನೇ ಹೈಕೋರ್ಟು ಅದರಲ್ಲಿ ಕೊಟ್ಟಿದೆ. ಗುರುತು ಸಿಗುವ ಹಾಗೆ ಆರೋಪಿಯ ಫೋಟೋ ಹಾಕುವುದೂ ಆ ಪಟ್ಟಿಯಲ್ಲಿದೆ. ಟಿವಿಯವರಿಗೆ ಬೇರೆ ನಿಯಮ ಬರುವ ತನಕ, ಪತ್ರಿಕೆಗಳ ಮೇಲೆ ನಿಗಾ ಇಡುವ ಪ್ರೆಸ್ ಕೌನ್ಸಿಲ್‌ನ ನಿಯಮಗಳೇ ಅನ್ವಯ ಎಂದೂ ಹೇಳಿದೆ. ಇಷ್ಟು ಬರೆದ ಪತ್ರ ಬಂದರೆ ಎಷ್ಟೋ ಕಡೆ ಫೋಟೋ ತೆಗೆದುಬಿಡುತ್ತಾರೆ. ಯೂಟ್ಯೂಬ್, ಫೇಸ್‌ಬುಕ್‌ನಲ್ಲಿ ಇದ್ದರೆ ಆಯಾ ಕಂಪನಿಯ ದೂರು ಅಧಿಕಾರಿಗೂ ಕಳಿಸಿ. ಭಾರತದಲ್ಲಿ ಅಂಥ ಅಧಿಕಾರಿಯನ್ನು ಇಡುವುದು 2021ರ ಐಟಿ ನಿಯಮಗಳ ಪ್ರಕಾರ ಕಡ್ಡಾಯ. ಪೊಲೀಸರ ಸ್ವಂತ ಖಾತೆಯಲ್ಲೂ ಫೋಟೋ ಇದ್ದರೆ ಪೊಲೀಸ್ ಕಮಿಷನರ್ ಕಚೇರಿಗೆ ಬೇರೆ ಅರ್ಜಿ ಕೊಟ್ಟು, ಸ್ವೀಕೃತಿಯ ಸಹಿ ಪಡೆಯಿರಿ.

ಯಾರೂ ಕೇಳದಿದ್ದರೆ ಹೈಕೋರ್ಟಿನಲ್ಲಿ ರಿಟ್ ಅರ್ಜಿ, ಅಂದರೆ ಮೂಲಭೂತ ಹಕ್ಕಿಗೆ ಧಕ್ಕೆಯಾದಾಗ ನೇರವಾಗಿ ಹೈಕೋರ್ಟಿಗೇ ಹಾಕುವ ಅರ್ಜಿ. 2017ರ ಪುಟ್ಟಸ್ವಾಮಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನವನ್ನು ಮೂಲಭೂತ ಹಕ್ಕು ಎಂದಿದ್ದಾರೆ. ಆ ಕೇಸು ಹಾಕಿದ ಪುಟ್ಟಸ್ವಾಮಿಯವರು ಕರ್ನಾಟಕದ ನಿವೃತ್ತ ನ್ಯಾಯಾಧೀಶರು ಎಂಬುದು ನಮಗೆ ಹೆಮ್ಮೆಯ ವಿಷಯ. ಡ್ರಗ್ಸ್ ಕೇಸಿನಲ್ಲಿ ಖುಲಾಸೆಯಾದರೂ ಇಂಟರ್ನೆಟ್‌ನಲ್ಲಿ ತೀರ್ಪು ಕಾಣುತ್ತಿದ್ದ ಕಾರಣ ಕೆಲಸ ಸಿಗದೇ ಒದ್ದಾಡಿದ ಒಬ್ಬರಿಗೆ ದೆಹಲಿ ಹೈಕೋರ್ಟು 2021ರಲ್ಲಿ ಮಧ್ಯಂತರ ಪರಿಹಾರ ಕೊಟ್ಟಿತು. ಹುಡುಕಾಟದಲ್ಲಿ ಆ ತೀರ್ಪು ಸಿಗದಂತೆ ಮಾಡಿ ಎಂದಿತು. ಆದರೆ 2022ರಲ್ಲಿ ಕೇರಳ ಹೈಕೋರ್ಟು, ಕೋರ್ಟಿನ ಕಲಾಪ ಎಲ್ಲರಿಗೂ ತೆರೆದದ್ದು, ಈಗ ನಡೆಯುತ್ತಿರುವ ಕೇಸುಗಳಲ್ಲಿ ಹೆಸರು ಅಳಿಸು ಎಂದು ಕೇಳಲಾಗದು ಎಂಬ ದಾರಿ ಹಿಡಿಯಿತು. ಹಾಗಾಗಿ ಗೆದ್ದೇ ಗೆಲ್ಲುತ್ತೀರಿ ಎಂದು ನಾನು ಹೇಳಲಾರೆ. ನಿಮ್ಮ ಬಲ ಏನೆಂದರೆ, ನೀವು ತೀರ್ಪನ್ನು ಅಳಿಸಲು ಕೇಳುತ್ತಿಲ್ಲ. ಹಳೆಯ ಫೋಟೋ ತೆಗೆಯಿರಿ ಎಂದಷ್ಟೇ ಕೇಳುತ್ತಿದ್ದೀರಿ.

ಎರಡು ಬಾಗಿಲು ಮಾತ್ರ ನಿಮಗೆ ಮುಚ್ಚಿರುವ ಹಾಗೆ ಕಾಣುತ್ತದೆ. ಮಾನಹಾನಿಗೆ ಪರಿಹಾರ ಕೇಳುವ ಸಿವಿಲ್ ದಾವೆಗೆ, ಪ್ರಕಟವಾದ ದಿನದಿಂದ ಒಂದೇ ವರ್ಷದ ಗಡುವು. ಮಾನವ ಹಕ್ಕುಗಳ ಆಯೋಗವೂ ಒಂದು ವರ್ಷ ದಾಟಿದ ಘಟನೆಯ ವಿಚಾರಣೆ ಮಾಡುವುದಿಲ್ಲ. ಇದನ್ನು ಓದುತ್ತಿರುವ ಬೇರೆಯವರಿಗೆ ಹೇಳುತ್ತೇನೆ: ಕೇಸು ಮುಗಿಯಲಿ, ಆಮೇಲೆ ನೋಡೋಣ ಅಂತ ಕಾಯಬೇಡಿ. ಫೋಟೋದ ದೂರು ಅದೇ ವಾರ ಕೊಡಿ.

ವಾಟ್ಸಾಪ್ ಗ್ರೂಪಿಗೆ ಹೋದದ್ದನ್ನು ವಾಪಸ್ ತರಲು ಯಾವ ಕೋರ್ಟಿನಿಂದಲೂ ಆಗದು. ಅದಕ್ಕೆ ಸಂಬಂಧದ ಮಾತು ಬಂದಾಗ, ಹುಡುಗಿ ಕಡೆಯವರು ಹುಡುಕಿ ತಿಳಿಯುವ ಮೊದಲು ನೀವೇ ಹೇಳಿ. ಆದೇಶದ ಪ್ರತಿ ಅವರ ಕೈಯಲ್ಲಿ ಕೊಡಿ. ಸೋದರಮಾವನಾಗಿ ಆ ಮಾತನ್ನು ನೀವು ಆಡಿದರೆ ಹುಡುಗನಿಗೂ ತಲೆ ತಗ್ಗಿಸಬೇಕಾಗಿಲ್ಲ.

ಪ್ರಶ್ನೆ: ನಾನು ಪುಣೆಯ ಹಿಂಜವಡಿಯಲ್ಲಿ ಐಟಿ ಕೆಲಸದಲ್ಲಿದ್ದೇನೆ. ಕೆಲವು ವರ್ಷ ಅಮೆರಿಕದಲ್ಲಿದ್ದೆ. ಅಲ್ಲಿ ಅರೆಸ್ಟ್ ಆದವರ ಫೋಟೋ ಯಾರು ಬೇಕಾದರೂ ನೋಡಬಹುದು. ಇಲ್ಲಿ ಮುಖಕ್ಕೆ ಕಪ್ಪು ಬಟ್ಟೆ ಹಾಕಿ ಕರೆದೊಯ್ಯುತ್ತಾರೆ. ನಮ್ಮ ಸೊಸೈಟಿಯಲ್ಲಿ ಹೆಣ್ಣುಮಕ್ಕಳಿದ್ದಾರೆ. ಪಕ್ಕದಲ್ಲಿ ಯಾರಿದ್ದಾರೆ ಎಂದು ತಿಳಿಯುವ ಹಕ್ಕು ನಮಗಿಲ್ಲವೇ ಮೇಡಂ ಅಥವಾ ಸರ್? ಫೋಟೋ ಹೊರಗೆ ಬಂದರೆ ಪೊಲೀಸರು ಹೊಡೆದಿದ್ದಾರೋ ಇಲ್ಲವೋ ಅದೂ ಗೊತ್ತಾಗುತ್ತದೆ, ಅಲ್ವಾ?

ಉತ್ತರ: ನಿಮ್ಮ ಕೊನೆಯ ಮಾತು ತೂಕದ್ದು. ಅದರಿಂದಲೇ ಶುರು ಮಾಡುತ್ತೇನೆ.

ಬಂಧನ ಗುಟ್ಟಾಗಿ ನಡೆಯಬಾರದು. ಇದರಲ್ಲಿ ನನಗೆ ಎರಡು ಮಾತಿಲ್ಲ. ಅದಕ್ಕೆಂದೇ ಬಂಧನ, ತನಿಖೆಯ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 37ನೇ ಕಲಂ ಇದೆ. ಜುಲೈ 1, 2024ರಿಂದ ಜಾರಿಯಲ್ಲಿದೆ. ಬಂಧಿತರ ಹೆಸರು, ವಿಳಾಸ, ಯಾವ ಬಗೆಯ ಅಪರಾಧ ಎಂಬುದನ್ನು ಪ್ರತಿ ಪೊಲೀಸ್ ಸ್ಟೇಷನ್‌ನಲ್ಲಿ, ಜಿಲ್ಲಾ ಕೇಂದ್ರದಲ್ಲಿ ಎಲ್ಲರಿಗೂ ಕಾಣುವಂತೆ ಹಾಕಬೇಕು. ಡಿಜಿಟಲ್ ರೂಪದಲ್ಲೂ ಹಾಕಬಹುದು. ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಪೊಲೀಸ್ ವೆಬ್‌ಸೈಟಿನಲ್ಲಿ ಹಾಕಿ ಎಂದು ಸುಪ್ರೀಂ ಕೋರ್ಟು 2016ರಲ್ಲೇ ಹೇಳಿದೆ. ಲೈಂಗಿಕ ಅಪರಾಧದಂಥ ಸೂಕ್ಷ್ಮ ಕೇಸುಗಳನ್ನು ಮಾತ್ರ ಬಿಟ್ಟಿದೆ.

ಈ ಪಟ್ಟಿಯಲ್ಲಿ ಫೋಟೋ ಇಲ್ಲ. ನಾನು ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಈ ಚರ್ಚೆಯಲ್ಲಿ ಎಲ್ಲರೂ ಮರೆಯುವುದು ಇದನ್ನೇ. ಹೆಸರು ಬೋರ್ಡಿನಲ್ಲಿ ಹಾಕುವುದು ಬಂಧಿತನ ರಕ್ಷಣೆಗೆ. ಬಾಗಲಕೋಟೆಯಿಂದ ಬಂದು ಇಲ್ಲಿ ಕಟ್ಟಡದ ಕೆಲಸ ಮಾಡುವವನನ್ನು ರಾತ್ರಿ ಎತ್ತಿಕೊಂಡು ಹೋದರೆ, ಅವನ ಹೆಂಡತಿ ಯಾವ ಸ್ಟೇಷನ್‌ನಲ್ಲಿದ್ದಾನೆ ಎಂದು ಹುಡುಕುವಂತಿರಬೇಕು. ಅವನು ಕಾಣೆಯಾಗಬಾರದು. ಫೋಟೋದಿಂದ ಅವಳಿಗೆ ಹೆಚ್ಚಿಗೆ ಸಿಗುವುದೇನೂ ಇಲ್ಲ. ಅದರಿಂದ ಊರಿಗೆ ನೋಡಲು ಒಂದು ಮುಖ ಸಿಗುತ್ತದೆ, ಅಷ್ಟೇ.

ಹೊಡೆತದ ವಿಷಯಕ್ಕೂ ಇದೇ ಮಾತು. ಬಂಧಿತರ ರಕ್ಷಣೆಗೆ ಸುಪ್ರೀಂ ಕೋರ್ಟು ಕೊಟ್ಟ ಡಿ.ಕೆ. ಬಸು ತೀರ್ಪು ಬಂದದ್ದು ಡಿಸೆಂಬರ್ 1996ರಲ್ಲಿ. ಬಂಧಿತ ಕೇಳಿದರೆ ಮೈಮೇಲಿನ ಗಾಯಗಳನ್ನು ಆಗಲೇ ಬರೆದಿಡಬೇಕು, ಕಸ್ಟಡಿಯಲ್ಲಿ ಪ್ರತಿ 48 ಗಂಟೆಗೊಮ್ಮೆ ವೈದ್ಯರು ನೋಡಬೇಕು ಎಂದು ಅದು ಹೇಳುತ್ತದೆ. ಡಿಸೆಂಬರ್ 2020ರಲ್ಲಿ ಸುಪ್ರೀಂ ಕೋರ್ಟು ಎಲ್ಲ ಪೊಲೀಸ್ ಸ್ಟೇಷನ್‌ಗಳಲ್ಲಿ, ಲಾಕಪ್ಪಿನಲ್ಲೂ ಸಿಸಿಟಿವಿ ಇರಬೇಕೆಂದು ಆದೇಶ ಕೊಟ್ಟಿತು. ನಾಗರಿಕರು ಗಲಾಟೆ ಮಾಡಬೇಕಾದದ್ದು ಆ ಕ್ಯಾಮೆರಾ ಕೆಲಸ ಮಾಡುತ್ತಿದೆಯೇ ಎಂದು. ಬಾಗಿಲಲ್ಲಿ ತೆಗೆದ ಒಂದು ಫೋಟೋದಲ್ಲಿ ಹೊಡೆತ ಕಾಣದಂತೆ ನಿಲ್ಲಿಸುವುದು ಕಷ್ಟವೇನಲ್ಲ.

ಕಪ್ಪು ಬಟ್ಟೆ ನಾಚಿಕೆಗಾಗಿ ಹಾಕುವುದಲ್ಲ, ಆರೋಪಿಗೆ ಉಪಕಾರ ಮಾಡಲೂ ಅಲ್ಲ. ಮುಂದೆ ಗುರುತು ಪತ್ತೆ ಪರೇಡ್ ಇರುತ್ತದೆ. ಸಾಕ್ಷಿ ಹತ್ತಾರು ಜನರ ಮಧ್ಯೆ ಆ ವ್ಯಕ್ತಿಯನ್ನು ಗುರುತಿಸಬೇಕು. ಅಷ್ಟರಲ್ಲಿ ಫೋಟೋ ಪೇಪರಿನಲ್ಲಿ ಬಂದಿದ್ದರೆ, ಆರೋಪಿಯ ವಕೀಲರು ಕೇಳುವ ಮೊದಲ ಪ್ರಶ್ನೆಯೇ 'ನೀವು ಪೇಪರ್ ಓದುತ್ತೀರಾ?' ಎಂಬುದು. ಆ ಒಂದು ಪ್ರಶ್ನೆಯಿಂದ ಪರೇಡಿನ ಬೆಲೆ ಬಿದ್ದುಹೋಗುತ್ತದೆ. ಸರ ಕಿತ್ತವನು ತಪ್ಪಿಸಿಕೊಳ್ಳಬಾರದು ಎಂದು ನಿಮಗೆ ಅನಿಸಿದರೆ, ಅವನ ಫೋಟೋ ಹರಡಬಾರದು ಎಂದೇ ನೀವು ಹೇಳಬೇಕು.

ಇನ್ನು ಅಮೆರಿಕ. ಅಲ್ಲಿ ಅನೇಕ ರಾಜ್ಯಗಳಲ್ಲಿ ಬಂಧನದ ಫೋಟೋ ಸಾರ್ವಜನಿಕ ದಾಖಲೆ ಎಂಬುದು ನಿಜ. ಅದರ ಫಲವಾಗಿ ಫೋಟೋ ರಾಶಿ ಹಾಕಿ, ತೆಗೆಯಬೇಕೆಂದರೆ ದುಡ್ಡು ಕೊಡಿ ಎನ್ನುವ ವೆಬ್‌ಸೈಟುಗಳು ಹುಟ್ಟಿದವು. ಜಾರ್ಜಿಯಾ 2013ರಲ್ಲಿ ಇದರ ವಿರುದ್ಧ ಕಾನೂನು ಮಾಡಿತು, ಬೇರೆ ರಾಜ್ಯಗಳೂ ಮಾಡಿದವು. ಅಲ್ಲಿನ ಒಂದು ಫೆಡರಲ್ ಮೇಲ್ಮನವಿ ಕೋರ್ಟು ಈ ಫೋಟೋಗಳಲ್ಲಿ ಖಾಸಗಿತನವಿಲ್ಲ ಎಂದು 1996ರಲ್ಲಿ ಹೇಳಿತ್ತು. ಅದೇ ಕೋರ್ಟು 2016ರಲ್ಲಿ, ಇಂಟರ್ನೆಟ್ ಬಂದ ಮೇಲೆ ಪರಿಸ್ಥಿತಿ ಬದಲಾಗಿದೆ ಎಂದು ತನ್ನ ನಿಲುವನ್ನೇ ಬದಲಿಸಿತು. 2020ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಪೊಲೀಸರು, ಜನರಿಗೆ ಅಪಾಯವಿದ್ದರೆ ಮಾತ್ರ ಫೋಟೋ ಕೊಡುತ್ತೇವೆ ಎಂದರು. ನೀವು ಅಲ್ಲಿ ನೋಡಿದ್ದನ್ನು ಅವರೇ ಕಡಿಮೆ ಮಾಡುತ್ತಿದ್ದಾರೆ. ಅವರು ಬಿಡುತ್ತಿರುವುದನ್ನು ನಾವೇಕೆ ಹಿಡಿಯಬೇಕು?

ಫೋಟೋ ಹಾಕಲೇಬೇಕಾದ ಸಂದರ್ಭಗಳೂ ಇವೆ. ಓಡಿಹೋದ ಆರೋಪಿಯ ಫೋಟೋ ಹಾಕಲಿ. ಅಧಿಕಾರದಲ್ಲಿರುವವರು ಲಂಚದ ಕೇಸಿನಲ್ಲಿ ಸಿಕ್ಕರೆ, ಆ ಬಂಧನದ ಸುದ್ದಿ ಅವರ ಹೆಸರು, ಮುಖದ ಸಮೇತ ಬರಲಿ. ಸರ್ಕಾರಿ ಹುದ್ದೆಯಲ್ಲಿ ಮಾಡಿದ ಕೆಲಸಕ್ಕೆ ಖಾಸಗಿತನದ ಮರೆ ಇಲ್ಲ ಎಂದು ಸುಪ್ರೀಂ ಕೋರ್ಟು 1994ರ ರಾಜಗೋಪಾಲ್ ತೀರ್ಪಿನಲ್ಲೇ ಹೇಳಿದೆ.

ನಿಮ್ಮ ಸೊಸೈಟಿಯ ಭಯ ಸುಳ್ಳಲ್ಲ. ಆದರೆ ಬಾಡಿಗೆದಾರರ ಪೊಲೀಸ್ ವೆರಿಫಿಕೇಶನ್, ಗೇಟಿನ ವ್ಯವಸ್ಥೆ, ದೂರು ಬಂದಾಗ ತಕ್ಷಣ ಎಫ್‌ಐಆರ್, ಇವುಗಳಿಂದ ಸಿಗುವ ರಕ್ಷಣೆ ಗ್ರೂಪಿನಲ್ಲಿ ಬರುವ ಫೋಟೋದಿಂದ ಸಿಗುವುದಿಲ್ಲ.

ಪ್ರಶ್ನೆ: ನಾವು ವಾಸ್ಕೊದಲ್ಲಿದ್ದೇವೆ, ಮೂಲ ಊರು ಗದಗ. ನಮ್ಮ ಬೀದಿಯ 16 ವರ್ಷದ ಹುಡುಗನನ್ನು ಮೊಬೈಲ್ ಕದ್ದ ಎಂದು ಪೊಲೀಸರು ಹಿಡಿದರು. ಯಾರೋ ಅವನ ಫೋಟೋ, ಶಾಲೆಯ ಹೆಸರು ಎರಡನ್ನೂ ಫೇಸ್‌ಬುಕ್‌ನಲ್ಲಿ ಹಾಕಿದ್ದಾರೆ. ನಮ್ಮ ಗ್ರೂಪಿನಲ್ಲೂ ಓಡಾಡುತ್ತಿದೆ. ಅವನ ಅಮ್ಮ ಅಳುತ್ತಾ ಕೂತಿದ್ದಾಳೆ. ಏನಾದರೂ ಮಾಡಬಹುದಾ ಅಣ್ಣಾ?

ಉತ್ತರ: ಖಂಡಿತ ಮಾಡಬಹುದು, ಇವತ್ತೇ ಮಾಡಿ. ಇದರಲ್ಲಿ ಆ ಹಕ್ಕು, ಈ ಹಕ್ಕು ಎಂದು ತೂಗಿ ನೋಡುವ ಮಾತೇ ಇಲ್ಲ. 18 ತುಂಬದವರ ಹೆಸರು, ಫೋಟೋ, ವಿಳಾಸ, ಶಾಲೆ, ಗುರುತು ಸಿಗುವ ಯಾವುದನ್ನೂ ಹಾಕುವಂತಿಲ್ಲ. 2015ರ ಬಾಲ ನ್ಯಾಯ ಕಾಯ್ದೆಯ 74ನೇ ಕಲಂ ಅದನ್ನು ನಿಷೇಧಿಸುತ್ತದೆ. ಆರು ತಿಂಗಳವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಹುಡುಗ ಕದ್ದಿದ್ದರೂ ಅಷ್ಟೇ, ಕದಿಯದಿದ್ದರೂ ಅಷ್ಟೇ.

ಪೋಸ್ಟಿನ ಸ್ಕ್ರೀನ್‌ಶಾಟ್ ತೆಗೆಯಿರಿ. ಹಾಕಿದವರ ಖಾತೆ, ದಿನ, ಹೊತ್ತು ಅದರಲ್ಲಿ ಕಾಣಲಿ. ಅದನ್ನು ಬೇರೆ ಯಾರಿಗೂ ಕಳಿಸಬೇಡಿ. ಫೇಸ್‌ಬುಕ್‌ಗೆ ರಿಪೋರ್ಟ್ ಮಾಡಿ. ಅವನ ಅಮ್ಮನ ಜೊತೆ ಹೋಗಿ, ಇಂಥ ಮಕ್ಕಳ ಕೇಸು ನೋಡುವ ಬಾಲ ನ್ಯಾಯ ಮಂಡಳಿಗೆ ಲಿಖಿತ ದೂರು ಕೊಡಿ. ದಾರಿ ಗೊತ್ತಾಗದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತವಾಗಿ ಸಿಗುತ್ತಾರೆ, ಮಕ್ಕಳಿಗೆ ಅದು ಹಕ್ಕಾಗಿಯೇ ಇದೆ.

ಅವನನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ, ಕೈಗೆ ಬೇಡಿ ಹಾಕುವಂತಿಲ್ಲ. 24 ಗಂಟೆಯೊಳಗೆ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಇದರಲ್ಲಿ ಯಾವುದಾದರೂ ತಪ್ಪಿದ್ದರೆ ಅದನ್ನೂ ಅದೇ ದೂರಿನಲ್ಲಿ ಬರೆಯಿರಿ. ಆಮೇಲೆ ನಿಮ್ಮ ಗ್ರೂಪಿನ ಅಡ್ಮಿನ್‌ಗೆ ಫೋನ್ ಮಾಡಿ, ಫೋಟೋ ಎಲ್ಲರಿಗೂ ಡಿಲೀಟ್ ಆಗುವ ಹಾಗೆ ತೆಗೆಸಿ, ಇಂಥ ಫೋಟೋ ಹಾಕಿದರೆ ಆಗುವ ಶಿಕ್ಷೆಯ ವಿಷಯವನ್ನು ಅಲ್ಲೇ ಕನ್ನಡದಲ್ಲಿ ಬರೆದು ಹಾಕಿ. ಫಾರ್ವರ್ಡ್ ಮಾಡಿದವರಲ್ಲಿ ಹೆಚ್ಚಿನವರಿಗೆ ಇದು ಅಪರಾಧ ಎಂಬುದೇ ಗೊತ್ತಿರುವುದಿಲ್ಲ.