ಹರಾಜಿನ ಹೊತ್ತಿಗೇ ಸರ್ವರ್ ಮಲಗುತ್ತದೆ, ಏನು ಮಾಡಲಿ?

ಪ್ರಶ್ನೆ: ಕೋಲಾರದ ಟೊಮೆಟೊ ಮಂಡಿಯೊಂದರ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುತ್ತೇನೆ ಸರ್. ಬಿಲ್ಲಿಂಗಿಗೆ ಮೈಕ್ರೋಸಾಫ್ಟಿನ ಉಚಿತ ಡೇಟಾಬೇಸ್ ತಂತ್ರಾಂಶ ಎಸ್‌ಕ್ಯೂಎಲ್ ಸರ್ವರ್ 2019 ಎಕ್ಸ್‌ಪ್ರೆಸ್ ಇದೆ. ಹರಾಜಿನ ವೇಳೆ ಒಂದು ಬಿಲ್ಲಿಗೆ ನಿಮಿಷಗಟ್ಟಲೆ ಕಾಯಬೇಕು, ರೈತರ ಬೈಗುಳ ನನಗೆ. ಕಾರಣ ತಿಳಿಯಲೆಂದು ಪ್ರೊಫೈಲರ್ (ಸರ್ವರ್ ಮಾಡುವ ಕೆಲಸಗಳನ್ನು ದಾಖಲಿಸುವ ಸಾಧನ) ಹಾಕಿ, ಬಂದದ್ದೆಲ್ಲ ಅದೇ ಡೇಟಾಬೇಸಿನ ಒಂದು ಟೇಬಲ್ಲಿಗೆ ಸೇರುವಂತೆ ಮಾಡಿದೆ. ಈಗ ಇನ್ನೂ ನಿಧಾನ. ಎಲ್ಲಿ ಎಡವಿದೆ?

ಉತ್ತರ: ಮೊದಲು ಪ್ರೊಫೈಲರಿನ ಆ ಟ್ರೇಸ್ (ದಾಖಲಾತಿ) ನಿಲ್ಲಿಸಿ, ಉಳಿದದ್ದು ಆಮೇಲೆ. ಬಾಕ್ಸ್ ಎತ್ತುವ ಹಮಾಲಿಯ ಕೈಗೇ ಲೆಕ್ಕದ ಪುಸ್ತಕವನ್ನೂ ಕೊಟ್ಟಿದ್ದೀರಿ. ಬಿಲ್ ಬರೆಯುವ ಸರ್ವರೇ 'ಬಿಲ್ ಬರೆದೆ' ಎಂದೂ ಬರೆದುಕೊಳ್ಳಬೇಕಾಗಿದೆ. ಜೊತೆಗೆ ನಿಮ್ಮ ಎಕ್ಸ್‌ಪ್ರೆಸ್‌ನಲ್ಲಿ ಒಂದು ಡೇಟಾಬೇಸಿಗೆ 10 ಜಿಬಿ ಮಿತಿ. ಟ್ರೇಸ್ ಟೇಬಲ್ ಅದನ್ನು ತುಂಬಿಸಿದ ದಿನ ಹೊಸ ಬಿಲ್ಲೇ ಸೇರುವುದಿಲ್ಲ. ಆ ಟ್ರೇಸ್ ಟೇಬಲನ್ನು ಡ್ರಾಪ್ ಮಾಡಿ (ಅಳಿಸಿ). ಫೈಲ್ ಕಿರಿದಾಗಲಿಲ್ಲವೆಂದು ಗಾಬರಿ ಬೇಡ, ಒಳಗೆ ಖಾಲಿಯಾದ ಜಾಗ ಮತ್ತೆ ಬಳಕೆಗೆ ಬರುತ್ತದೆ.

ಪ್ರೊಫೈಲರನ್ನು ಮೈಕ್ರೋಸಾಫ್ಟ್ 2012ರ ಆವೃತ್ತಿಯಲ್ಲೇ ಕೈಬಿಡುವ ಪಟ್ಟಿಗೆ ಸೇರಿಸಿದೆ. ಇದೇ ಕೆಲಸಕ್ಕೆಂದು 2008ರಲ್ಲಿ ಬಂದ ಎಕ್ಸ್‌ಟೆಂಡೆಡ್ ಇವೆಂಟ್ಸ್ ಅದಕ್ಕಿಂತ ಹಗುರ, ನಿಮ್ಮ ಎಕ್ಸ್‌ಪ್ರೆಸ್‌ನಲ್ಲೂ ಉಂಟು. ಹೊಸ ಸೆಷನ್ ಮಾಡಿ ಆರ್‌ಪಿಸಿ ಕಂಪ್ಲೀಟೆಡ್, ಎಸ್‌ಕ್ಯೂಎಲ್ ಬ್ಯಾಚ್ ಕಂಪ್ಲೀಟೆಡ್ ಎರಡನ್ನೇ ಆರಿಸಿ, ಸರ್ವರ್ ಒಂದೊಂದು ಕೆಲಸ ಮುಗಿಸಿದಾಗ ಇವು ದಾಖಲಾಗುತ್ತವೆ. ಡ್ಯೂರೇಷನ್ (ಕೆಲಸಕ್ಕೆ ಹಿಡಿದ ಒಟ್ಟು ಸಮಯ) 10,00,000 ದಾಟಿದ್ದನ್ನು ಮಾತ್ರ ಹಿಡಿಯುವಂತೆ ಫಿಲ್ಟರ್ ಹಾಕಿ. ಅದು ಮೈಕ್ರೋಸೆಕೆಂಡ್ ಲೆಕ್ಕ, ಅಂದರೆ ಒಂದು ಸೆಕೆಂಡ್. ಮಿಲಿಸೆಕೆಂಡ್ ಎಂದುಕೊಂಡು ಸಾವಿರ ಹಾಕಿ ಫೈಲ್ ತುಂಬಿಸಿಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ (ಒಮ್ಮೆ ನಾನೇ).

ಉಳಿಸುವುದು ಫೈಲಿಗೆ, ಡೇಟಾಬೇಸ್ ಇಲ್ಲದ ಬೇರೆ ಡಿಸ್ಕಿನಲ್ಲಿ. ತಲಾ 100 ಎಂಬಿಯ ಐದು ಫೈಲ್ ಸಾಕು, ತುಂಬಿದಂತೆ ಹಳೆಯದು ತಾನೇ ಅಳಿಯುತ್ತದೆ. ಆ ಫೋಲ್ಡರಿಗೆ ಬರೆಯುವ ಅನುಮತಿ ಬೇಕಿರುವುದು ಎಸ್‌ಕ್ಯೂಎಲ್ ಸರ್ವಿಸ್ ಓಡುವ ಅಕೌಂಟಿಗೆ, ನಿಮ್ಮ ಲಾಗಿನ್‌ಗಲ್ಲ. ಸೆಷನ್ ಶುರುವಾಗದಿದ್ದರೆ ಮೊದಲು ಅಲ್ಲಿ ನೋಡಿ. ಕ್ವೆರಿಯ (ಡೇಟಾಬೇಸಿಗೆ ಕೊಡುವ ಆದೇಶದ) ಜೊತೆಗೆ ರೈತರ ಹೆಸರು, ಖಾತೆ ಸಂಖ್ಯೆಯೂ ಫೈಲಿನೊಳಗೆ ಬರಬಹುದು, ಹಾಗಾಗಿ ಆ ಫೋಲ್ಡರನ್ನು ಎಲ್ಲರಿಗೂ ಶೇರ್ ಮಾಡಬೇಡಿ.

ಮಂಡಿ ಖಾಲಿಯಾದ ಮೇಲೆ ಫೈಲುಗಳನ್ನು ಇನ್ನೊಂದು ಕಂಪ್ಯೂಟರಿಗೆ ನಕಲಿಸಿ, ಟೇಬಲ್ಲಿಗೆ ತುಂಬುವುದನ್ನು ಅಲ್ಲಿ ಮಾಡಿ. ಕ್ವೆರಿ ಬರೆದು ಓದಿದರೆ ಸಮಯ ಯುಟಿಸಿಯಲ್ಲಿ (ಜಾಗತಿಕ ಸಮಯದಲ್ಲಿ) ಬರುತ್ತದೆ. ಬೆಳಿಗ್ಗೆ ಒಂಬತ್ತರ ಬಿಲ್ ಮೂರೂವರೆಯದೆಂದು ಕಂಡರೆ ಐದೂವರೆ ಗಂಟೆ ಕೂಡಿಸಿಕೊಳ್ಳಿ.

ಆಮೇಲೆ ಡ್ಯೂರೇಷನ್ ಪಕ್ಕದಲ್ಲೇ ಸಿಪಿಯು ಟೈಮ್ (ಪ್ರೊಸೆಸರ್ ನಿಜಕ್ಕೂ ದುಡಿದ ಸಮಯ) ಇಟ್ಟು ನೋಡಿ. ಎರಡೂ ದೊಡ್ಡದಿದ್ದರೆ ಕ್ವೆರಿಯೇ ಭಾರ, ಇಂಡೆಕ್ಸ್ (ಬೇಗ ಹುಡುಕಲು ಟೇಬಲ್ಲಿಗಿರುವ ಸೂಚಿ) ಪರೀಕ್ಷಿಸಿ. ಡ್ಯೂರೇಷನ್ ದೊಡ್ಡದು, ಸಿಪಿಯು ಚಿಕ್ಕದು ಎಂದಾದರೆ ಬಿಲ್ ಯಾವುದಕ್ಕೋ ಕಾಯುತ್ತಿದೆ, ಡಿಸ್ಕಿಗೋ ಲಾಕಿಗೋ (ಬೇರೊಂದು ಕೆಲಸ ಅದೇ ಡೇಟಾ ಹಿಡಿದಿಟ್ಟುಕೊಂಡಿರುವುದಕ್ಕೆ). ಮೇಲಿನ ರೂಮಿನಲ್ಲಿ ಯಾರಾದರೂ ಅದೇ ಹೊತ್ತಿಗೆ ತಿಂಗಳ ರಿಪೋರ್ಟ್ ತೆಗೆಯುತ್ತಾರೆಯೇ, ವಿಚಾರಿಸಿ.