ಚಿಕ್ಕ ಮಷಿನ್ನಿಗೆ ದೊಡ್ಡ ಹೋಲ್ಡರ್

ಪ್ರಶ್ನೆ: ಅಪ್ಪ ನಡೆಸುತ್ತಿದ್ದ ವಾಚ್ ರಿಪೇರಿ ಅಂಗಡಿಯನ್ನು ಎರಡು ವರ್ಷದಿಂದ ನಾನು ನೋಡಿಕೊಳ್ಳುತ್ತಿದ್ದೇನೆ ಸರ್. ವಾಚಿನ ಒಳಗಿನ ಮಷಿನ್ನನ್ನು ರಿಪೇರಿ ವೇಳೆ ದವಡೆಗಳಲ್ಲಿ ಹಿಡಿದಿಡುವ ಅವರ ಮೂವ್‌ಮೆಂಟ್ ಹೋಲ್ಡರ್ ಗಂಡಸರ ವಾಚಿಗೆ ಚೆನ್ನಾಗಿದೆ. ಆದರೆ ತಿರುಪು ಎಷ್ಟು ತಿರುಗಿಸಿದರೂ ದವಡೆಗಳ ನಡುವೆ 18 ಮಿ.ಮೀ. ಜಾಗ ಉಳಿಯುತ್ತದೆ. ಲೇಡೀಸ್ ವಾಚಿನ ದುಂಡು ಮಷಿನ್ 15 ಮಿ.ಮೀ.ಗಿಂತ ಚೂರು ಹೆಚ್ಚು, ಬಿದ್ದೇ ಹೋಗುತ್ತದೆ. ದವಡೆಯನ್ನು ತಡೆಯುವ ಭಾಗಕ್ಕೆ ಅರ ಹಾಕಿದರೆ ಇನ್ನಷ್ಟು ಮುಚ್ಚುತ್ತದೆ ಅನ್ನಿಸುತ್ತದೆ. ಹಾಕಲೇ?
– ಓದುಗರೊಬ್ಬರು, ಹೊಳಲ್ಕೆರೆ

ಉತ್ತರ: ಬೇಡ ತಮ್ಮಾ, ಅರ ಕೆಳಗಿಡಿ. ಇದೇ ಕೆಲಸವನ್ನು ನಾನು ಮಾಡಿ ನೋಡಿದ್ದೇನೆ.

ದಾವಣಗೆರೆ ಮಂಡಿಪೇಟೆಯಲ್ಲಿ ಗುರುಗಳ ಹತ್ತಿರ ಕೆಲಸ ಕಲಿಯುತ್ತಿದ್ದ ಎರಡನೇ ವರ್ಷ. ಆಗ ಹಳ್ಳಿ ಕಡೆಯಿಂದ ಬರುತ್ತಿದ್ದುದು ಬಹುಪಾಲು ಎಚ್‌ಎಂಟಿ, ಅದರಲ್ಲೂ ಜನತಾ, ಪೈಲಟ್. ಹೋಲ್ಡರೂ ಅವಕ್ಕೆ ತಕ್ಕದ್ದೇ. ಒಬ್ಬ ಟೀಚರಮ್ಮ ತಮ್ಮ ತಾಯಿಯ ಪುಟ್ಟ ವಾಚ್ ತಂದಿದ್ದರು. ಗುರುಗಳು ಊಟಕ್ಕೆ ಹೋದಾಗ ಹೋಲ್ಡರಿನ ತಡೆಗೆ ಅರ ಹಾಕಿದೆ. ದವಡೆ ಮುಚ್ಚಿತೇನೋ ಹೌದು, ಆದರೆ ಒಂದು ಬದಿ ಓರೆಯಾಯಿತು. ಬ್ಯಾಲೆನ್ಸ್ (ಅತ್ತಿತ್ತ ಆಡುವ ಚಕ್ರ) ಹಿಡಿದಿಡುವ ಸೇತುವೆಯ ಸ್ಕ್ರೂ ಬಿಚ್ಚುವಾಗ ಮಷಿನ್ ಜಾರಿ, ಸ್ಕ್ರೂಡ್ರೈವರ್ ತುದಿ ಹೇರ್‌ಸ್ಪ್ರಿಂಗಿಗೆ ತಾಗಿತು. ಕೂದಲಿನಂಥ ಆ ಸುರುಳಿಯ ಹೊರಸುತ್ತು ಮೇಲಕ್ಕೆ ಎದ್ದು ನಿಂತದ್ದು ಈಗಲೂ ಕಣ್ಣ ಮುಂದಿದೆ. ಗುರುಗಳು ಬೈಯಲಿಲ್ಲ. ಎರಡು ದಿನ ಕೂತು ಅದನ್ನು ಸರಿಮಾಡಿದರು. ಹೋಲ್ಡರ್ ಮಾತ್ರ ಮತ್ತೆ ಗಂಡಸರ ವಾಚನ್ನೂ ನೆಟ್ಟಗೆ ಹಿಡಿಯಲಿಲ್ಲ.

ಹೋಲ್ಡರನ್ನು ಮುಟ್ಟದೆ, ಅದಕ್ಕೂ ಮಷಿನ್ನಿಗೂ ನಡುವೆ ಒಂದು ಹಿತ್ತಾಳೆ ಬಳೆ ಮಾಡಿಸಿ. ಹಳೇ ಫ್ರೆಂಚ್ ಅಳತೆಯ ಒಂದು ಲೀನ್ಯ ಅಂದರೆ 2.256 ಮಿ.ಮೀ. ನಿಮ್ಮದು 6¾ ಲೀನ್ಯದ ಮಷಿನ್ ಇರಬೇಕು, 15.2 ಮಿ.ಮೀ. ಆಗುತ್ತದೆ. ಗಂಡಸರ ವಾಚಿನ 11½ ಲೀನ್ಯ ಸುಮಾರು 26 ಮಿ.ಮೀ. ಹಾಗಾಗಿ ಬಳೆಯ ಹೊರವ್ಯಾಸ 26 ಇರಲಿ, ಎತ್ತರ 4. ಹೋಲ್ಡರ್ ಎಂದಿನಂತೆ ಗಂಡಸರ ವಾಚನ್ನು ಹಿಡಿದ ಹಾಗೆ ಬಳೆಯನ್ನು ಹಿಡಿಯುತ್ತದೆ.

ನಡುವೆ 14 ಮಿ.ಮೀ. ತೂತು ಆರಪಾರ ಇರಲಿ. ಮೇಲಿನ 1 ಮಿ.ಮೀ. ಆಳಕ್ಕೆ ಮಾತ್ರ ಅದನ್ನು ಮಷಿನ್ ಕೂರುವಷ್ಟು ಅಗಲಿಸಬೇಕು. ಆಗ ಮಷಿನ್ನಿನ ತಳಹದಿಯಾದ ಪ್ಲೇಟಿನ ಅಂಚು ಅರ್ಧ ಮಿ.ಮೀ. ಮೆಟ್ಟಿಲ ಮೇಲೆ ಕೂರುತ್ತದೆ, ಕೆಳಗಿನ ಬ್ಯಾಲೆನ್ಸಿಗೆ ಏನೂ ತಾಗುವುದಿಲ್ಲ. ತೂತು ತೀರಾ ಬಿಗಿ ಬೇಡ, ಮಷಿನ್ ತನ್ನ ಭಾರಕ್ಕೆ ತಾನೇ ಇಳಿಯಬೇಕು.

ಬಿಗಿ ಬರುವುದು ಸೀಳಿನಿಂದ. ಅಕ್ಕಸಾಲಿಗರ ಸಣ್ಣ ಗರಗಸದಿಂದ ಬಳೆಯನ್ನು ಒಂದು ಕಡೆ ಸೀಳಿ. ಅದರ ಎದುರು ಬದಿಗೆ ಹೊರಗಿನಿಂದ ಅರ ಹಾಕಿ, ಗೋಡೆ 1 ಮಿ.ಮೀ. ಉಳಿಯುವ ತನಕ ತೆಳುಮಾಡಿ. ಅದೇ ಕೀಲು. ಈ ಕೀಲಿಲ್ಲದಿದ್ದರೆ ಅಷ್ಟು ದಪ್ಪ ಹಿತ್ತಾಳೆ ಬಗ್ಗುವುದೇ ಇಲ್ಲ. ದವಡೆಗಳು ಸೀಳಿನ ಎಡ ಬಲ ಒತ್ತುವಂತೆ ಬಳೆ ಇಡಬೇಕು. ನನಗೆ ಇದರಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಸೀಳು ಕೂದಲೆಳೆಯಷ್ಟೇ ಇರುವುದು. ತಿರುಪು ಹೆಚ್ಚು ತಿರುಗಿಸಿದರೂ ಸೀಳಿನ ಅಂಚಿಗೆ ಅಂಚು ತಾಗಿ ಅಲ್ಲಿಗೇ ನಿಲ್ಲುತ್ತದೆ, ಪ್ಲೇಟಿನ ಮೇಲೆ ಭಾರ ಏರುವುದಿಲ್ಲ. ಕೀ ಕೊಡುವ ಸ್ಟೆಮ್ಮಿಗೂ ಜಾಗ ಬೇಕಲ್ಲ, ಸೀಳಿನ ಮೇಲ್ಭಾಗವನ್ನೇ 2 ಮಿ.ಮೀ. ಅಗಲ ಮಾಡಿದರಾಯಿತು.

ಉಕ್ಕಿನಲ್ಲಿ ಮಾಡಿಸಿದರೆ ಗಟ್ಟಿ ಎಂದು ಯಾರಾದರೂ ಹೇಳಬಹುದು. ಕೇಳಬೇಡಿ. ಉಕ್ಕು ಪ್ಲೇಟಿಗೆ ಗೆರೆ ಹಾಕುತ್ತದೆ, ಸಾಲದ್ದಕ್ಕೆ ಅಯಸ್ಕಾಂತ ಹಿಡಿಯುತ್ತದೆ. ಹೇರ್‌ಸ್ಪ್ರಿಂಗಿಗೆ ಅದು ತಗಲಿ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡರೆ ವಾಚ್ ಸಿಕ್ಕಾಪಟ್ಟೆ ಮುಂದೆ ಓಡುತ್ತದೆ. ಈಗಿರುವ ಚಿಮಟ, ಸ್ಕ್ರೂಡ್ರೈವರುಗಳನ್ನೂ ಒಂದು ಸಣ್ಣ ದಿಕ್ಸೂಚಿಯ ಮುಳ್ಳಿನ ಹತ್ತಿರ ಹಿಡಿದು ನೋಡಿ. ತುದಿ ಒಮ್ಮೆ, ಹಿಡಿ ಒಮ್ಮೆ ತೋರಿಸಿ. ಒಂದಕ್ಕೆ ಮುಳ್ಳು ಹತ್ತಿರ ಬಂದು, ಇನ್ನೊಂದಕ್ಕೆ ದೂರ ಸರಿದರೆ ಅಯಸ್ಕಾಂತ ಹಿಡಿದಿದೆ ಎಂದರ್ಥ.

ಬಳೆ ಸಿದ್ಧವಾದ ಮೇಲೆ ಒಳ ಅಂಚನ್ನು ನುಣ್ಣನೆಯ ಎಮರಿ ಪೇಪರಿನಿಂದ ಉಜ್ಜಿ, ಪೆಟ್ರೋಲಿನಲ್ಲಿ ತೊಳೆದು ಒರೆಸಿ. ಹಿತ್ತಾಳೆಯ ಒಂದು ಕಣ ಪಿವಟ್ಟಿನ (ಚಕ್ರದ ಅಚ್ಚಿನ ತುದಿಯ) ತೂತಿಗೆ ಹೋದರೂ ವಾಚ್ ನಿಲ್ಲುತ್ತದೆ. ಮೊದಲ ಸಲ ಓಡುತ್ತಿರುವ ಮಷಿನ್ ಇಟ್ಟು, ಐಗ್ಲಾಸ್ ಹಾಕಿಕೊಂಡು ಬ್ಯಾಲೆನ್ಸ್ ನೋಡುತ್ತಾ ನಿಧಾನ ಬಿಗಿಮಾಡಿ. ಅದರ ಆಟ ಕುಗ್ಗಿತೋ, ಪ್ಲೇಟ್ ಹಿಂಡುತ್ತಿದೆ. ಮಷಿನ್ ಕೂರುವ ಜಾಗವನ್ನು ಇನ್ನೊಂದಿಷ್ಟು ಉಜ್ಜಿ.

ಮುಳ್ಳು ಕೂರಿಸುವಾಗ ಮಾತ್ರ ಈ ಬಳೆ ಬೇಡ. ಆ ಒತ್ತು ನೇರ ನಡುವಿನ ಚಕ್ರಕ್ಕೆ ಬೀಳುತ್ತದೆ. ಅಡಿಗೆ ಆಸರೆ ಇಲ್ಲದಿದ್ದರೆ ಪಿವಟ್ ತಿರುಗುವ ಕಲ್ಲು (ಜ್ಯುವೆಲ್) ಒಡೆಯಬಹುದು.

ಕಡೆಯಲು ಹರಿಹರದ ಕಡೆ ಹೋಗಿ. ಮೈಸೂರು ಕಿರ್ಲೋಸ್ಕರ್ 1941ರಿಂದ ಲೇಥ್ ಮಾಡಿದ ಊರದು, ಕೈ ಪಳಗಿದ ಟರ್ನರುಗಳು ಈಗಲೂ ಇದ್ದಾರೆ. ನನ್ನ ಬಳೆ ಕಡೆದುಕೊಟ್ಟವರೂ ಅಲ್ಲಿನ ನಿವೃತ್ತರೊಬ್ಬರು. ಅಳತೆ ಚೀಟಿಯಲ್ಲಿ ಬರೆದುಕೊಳ್ಳಿ, ಜೊತೆಗೆ ಅದೇ ಸೈಜಿನ ಗುಜರಿ ಪ್ಲೇಟ್ ಒಂದನ್ನು ಒಯ್ಯಿರಿ, ಕೂರಿಸಿ ನೋಡಲು. ಗಿರಾಕಿಯ ವಾಚನ್ನು ಲೇಥ್ ಹತ್ತಿರ ಒಯ್ಯಬೇಡಿ.