ಕಂಟ್ರೋಲ್-ಓ ಒತ್ತಿದಾಗ ಖಾಲಿ ಸಾಲು ಸೇರುವ ಸಮಸ್ಯೆಗೆ ಪ್ರತಿಕ್ರಿಯೆ

ಪೈಥಾನ್‌ನಲ್ಲಿ ಕಿಟಕಿಗಳನ್ನು ರಚಿಸುವ ಟಿಕಿಂಟರ್ ಲೈಬ್ರರಿಯಿಂದ ನೀವು ಮಾಡಿದ ನೋಟ್‌ಪ್ಯಾಡ್‌ನಲ್ಲಿ ಕಂಟ್ರೋಲ್-ಓ ಒತ್ತಿದಾಗ ಕಡತ ಆರಿಸುವ ಕಿಟಕಿಯ ಜೊತೆಗೆ ಪಠ್ಯದೊಳಗೆ ಖಾಲಿ ಸಾಲೊಂದು ಸೇರಿಕೊಳ್ಳುವುದಕ್ಕೆ ಕಾರಣ ಕಡತ ತೆರೆಯಲು ನೀವು ಬದಲಿಸಿದ ಫಂಕ್ಷನ್ ಅಲ್ಲ; ಟೆಕ್ಸ್ಟ್ ವಿಜೆಟ್‌ನ (ಪಠ್ಯ ಬರೆಯುವ ಪೆಟ್ಟಿಗೆಯ) ಕ್ಲಾಸಿಗೆ, ಅಂದರೆ ಅಂಥ ಎಲ್ಲ ಪೆಟ್ಟಿಗೆಗಳಿಗೂ ಸಾಮಾನ್ಯವಾದ ಮಾದರಿಗೆ, ಆ ಕೀಲಿಯ ಮೇಲೆ ಹೊಸ ಸಾಲು ಸೇರಿಸುವ ತನ್ನದೇ ಬೈಂಡಿಂಗ್ (ಕೀಲಿಗೂ ಕೆಲಸಕ್ಕೂ ಇರುವ ಜೋಡಣೆ) ಮೊದಲಿನಿಂದಲೂ ಇದೆ. ನೀವು ಬಹುಶಃ ನಿಮ್ಮ ಫಂಕ್ಷನ್ನನ್ನು ರೂಟ್ ಕಿಟಕಿಗೆ, ಅಂದರೆ ಪ್ರೋಗ್ರಾಮಿನ ಮುಖ್ಯ ಕಿಟಕಿಗೆ, ಬೈಂಡ್ ಮಾಡಿದ್ದೀರಿ. ಕೀಲಿ ಒತ್ತಿದ ಸುದ್ದಿ ಮೊದಲು ವಿಜೆಟ್‌ಗೆ, ನಂತರ ಅದರ ಕ್ಲಾಸಿಗೆ, ಆಮೇಲಷ್ಟೇ ರೂಟ್‌ಗೆ ತಲುಪುವುದರಿಂದ, ನಿಮ್ಮ ಫಂಕ್ಷನ್ ಓಡುವ ಹೊತ್ತಿಗೆ ಸಾಲು ಬಿದ್ದಾಗಿರುತ್ತದೆ.

ಮೊದಲು ಅದೇ ಫಂಕ್ಷನ್ನನ್ನು ಟೆಕ್ಸ್ಟ್ ವಿಜೆಟ್‌ಗೇ ಬೈಂಡ್ ಮಾಡಿ. ಬಳಿಕ ಅದರ ಕೊನೆಯಲ್ಲಿ "ಬ್ರೇಕ್" (ಇಂಗ್ಲಿಷಿನಲ್ಲಿ break) ಎಂಬ ಪದವನ್ನು ಉದ್ಧರಣ ಚಿಹ್ನೆಯೊಳಗೆ ಸ್ಟ್ರಿಂಗ್ ಆಗಿಯೇ ರಿಟರ್ನ್ ಮಾಡಿ; ಆಗ ಸುದ್ದಿ ಕ್ಲಾಸಿಗೆ ತಲುಪದೆ ಸಾಲು ಸೇರುವುದಿಲ್ಲ. ಬಳಕೆದಾರರು ಕಡತ ಆರಿಸದೆ ರದ್ದು ಮಾಡಿದಾಗ ನಡುವೆಯೇ ಹಿಂತಿರುಗುವ ಸಾಲಿನಲ್ಲೂ ಅದು ಇರಲೇಬೇಕು, ಹಲವರು ಎಡವುವುದು ಅಲ್ಲಿಯೇ. ರೂಟ್‌ನ ಬೈಂಡಿಂಗನ್ನು ತೆಗೆಯಬೇಕಾಗಿಲ್ಲ, ಏಕೆಂದರೆ "ಬ್ರೇಕ್" ಅದನ್ನೂ ತಡೆಯುವುದರಿಂದ ಫಂಕ್ಷನ್ ಎರಡು ಸಲ ಓಡುವುದಿಲ್ಲ.